ಮಳೆ ರಜೆಯ ಸುದ್ದಿ ತಲುಪುವ ಮನೆಗೆ ಪಾಠದ ಸುದ್ದಿ ಯಾಕೆ ತಲುಪುವುದಿಲ್ಲ?

ಜುಲೈಯಲ್ಲಿ ಒಂದು ರಾತ್ರಿ ಬಿಡದೆ ಮಳೆ ಹೊಯ್ದರೆ ಸಾಕು, ನಮ್ಮ ಕರಾವಳಿಯ ಮನೆಗಳಲ್ಲಿ ಬೆಳಗ್ಗೆ ಐದೂವರೆಗೇ ಎಲ್ಲರ ಕೈಯಲ್ಲೂ ಮೊಬೈಲು. "ಡಿಸಿ ರಜೆ ಕೊಟ್ರಾ?" ಎಂಬ ಒಂದೇ ಪ್ರಶ್ನೆ. ಏಳು ಗಂಟೆಯಾಗುವಷ್ಟರಲ್ಲಿ ಆ ಸುದ್ದಿ ಉಳ್ಳಾಲದ ಕಡಲ ಬದಿಗೂ ಮುಟ್ಟಿರುತ್ತದೆ, ಕಾರ್ಕಳದ ಗುಡ್ಡದ ತುದಿಗೂ ಮುಟ್ಟಿರುತ್ತದೆ. ಮೊಬೈಲು ಇಲ್ಲದ ಮನೆಗೆ ಪಕ್ಕದ ಮನೆಯವರು ಅಂಗಳದಲ್ಲಿ ನಿಂತು ಕೂಗಿ ಹೇಳಿರುತ್ತಾರೆ. ಅಕ್ಷರ ಬಾರದ ಅಜ್ಜಿಗೂ ಗೊತ್ತಾಗಿರುತ್ತದೆ.

ಹಾಗಾಗಿ ಶಾಲೆಯಿಂದ ಮನೆಗೆ ದಾರಿಯೇ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ದಾರಿ ಉಂಟು, ಚೆನ್ನಾಗಿಯೇ ಉಂಟು. ಆ ದಾರಿಯಲ್ಲಿ ಏನೇನು ಸಾಗುತ್ತದೆ ಎಂಬುದನ್ನು ನೋಡಬೇಕು.

ಮೊನ್ನೆ ಮಗಳ ತರಗತಿಯ ವಾಟ್ಸ್‌ಆ್ಯಪ್ ಗ್ರೂಪನ್ನು ಜೂನ್‌ನಿಂದ ಈಚೆಗೆ ಒಂದೊಂದಾಗಿ ಓದುತ್ತಾ ಕುಳಿತೆ. ಆಧಾರ್ ಝೆರಾಕ್ಸ್ ತನ್ನಿ. ಯೂನಿಫಾರ್ಮಿನ ಬೆಲ್ಟು ಬಂದಿದೆ. ಶನಿವಾರ ಬಿಳಿ ಶೂ. ವ್ಯಾನಿನ ಹಣ ಬಾಕಿ ಇರುವವರು ಕೂಡಲೇ ಕೊಡಿ. ನಾಳೆ ಪೋಷಕರ ಸಭೆ, ಕಡ್ಡಾಯ. ನಡುನಡುವೆ ಯಾರೋ ಹಾಕಿದ ಶುಭೋದಯದ ಹೂವು. "ಈ ವಾರ ಮಕ್ಕಳು ದಶಕ ತೆಗೆದುಕೊಂಡು ಕಳೆಯುವುದನ್ನು ಕಲಿತರು, ಮನೆಯಲ್ಲಿ ಹೀಗೊಂದು ಕೇಳಿ ನೋಡಿ" ಎನ್ನುವ ಸಾಲು ಅಷ್ಟು ತಿಂಗಳಲ್ಲಿ ಒಂದೇ ಒಂದು ಸಲವೂ ಬಂದಿರಲಿಲ್ಲ. ಇದಕ್ಕಾಗಿ ಟೀಚರನ್ನು ದೂರಲು ನನಗೆ ಮನಸ್ಸಿಲ್ಲ. ಅವರಿಂದ ಅದನ್ನು ಯಾರೂ ಕೇಳಿಲ್ಲ. ಮೇಲಿನವರು ಕೇಳುವುದು ಅಂಕಿ ಅಂಶ, ಪೋಷಕರಾದ ನಾವು ಕೇಳುವುದು ರಜೆ ಯಾವಾಗ ಎಂದು.

'ಪೋಷಕರ ಸಹಭಾಗಿತ್ವ' ಎಂಬ ಮಾತು ಸುತ್ತೋಲೆಗಳಲ್ಲಿ ಬಹಳ ವರ್ಷದಿಂದ ಓಡಾಡುತ್ತಿದೆ. ನಮ್ಮಲ್ಲಿ ಅದಕ್ಕೆ ಬಂದಿರುವ ಅರ್ಥ ಸಭೆಗೆ ಬರುವುದು, ಸಹಿ ಹಾಕುವುದು, ಶ್ರಮದಾನ ಮಾಡುವುದು, ಶಾಲೆಗೊಂದು ಫ್ಯಾನೋ ನೀರಿನ ಟ್ಯಾಂಕೋ ಕೊಡಿಸುವುದು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಮಗು ಕಲಿಯುವ ಕೆಲಸದಲ್ಲಿ ಮನೆಗೊಂದು ಪಾಲು ಕೊಡುವುದು, ಆ ಪಾಲು ಏನೆಂದು ಬಿಡಿಸಿ ಹೇಳುವುದು, ಇದು ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಇನ್ನೂ ಸರಿಯಾಗಿ ಶುರುವಾಗಿಲ್ಲ. ಸಾಮಗ್ರಿಯ ಕೊರತೆಯಿಂದಲ್ಲ. ಪುಸ್ತಕ ಇದೆ, ಗ್ರಂಥಾಲಯ ಇದೆ, ಕಾನೂನು ಇದೆ, ಫೋನಿದೆ. ಇವುಗಳನ್ನು ಒಬ್ಬ ತಾಯಿಯ ಈ ಹೊತ್ತಿನ ಸಂಜೆಗೆ ಜೋಡಿಸಿ ಕೊಡುವವರು ಇಲ್ಲ.

ಎರಡು ವರ್ಷದ ಹಿಂದೆ ಮಂಗಳೂರಿನ ಹೊರವಲಯದ ಒಂದು ಶಾಲೆಯಲ್ಲಿ ಪೋಷಕರ ಸಭೆಗೆ ಹೋಗಿದ್ದೆ. ಮಧ್ಯಾಹ್ನ ಎರಡೂವರೆ ಗಂಟೆ. ಹಿಂದಿನ ಬೆಂಚಿನಲ್ಲಿ ಒಬ್ಬ ತಾಯಿ ಕುಳಿತಿದ್ದರು. ಬೀಡಿ ಕಟ್ಟುವವರು ಎಂದು ಕೈ ನೋಡಿದರೆ ತಿಳಿಯುತ್ತಿತ್ತು, ಹೆಬ್ಬೆರಳು ತೋರುಬೆರಳಿನ ತುದಿ ತಂಬಾಕಿನಿಂದ ಕಂದಾಗಿತ್ತು. ಟೀಚರ್ ಹೆಸರು ಕರೆದು, ಮಾರ್ಕ್ಸ್ ಕಾರ್ಡು ಕೊಟ್ಟು, "ಹುಡುಗ ಓದುವುದರಲ್ಲಿ ತುಂಬಾ ಹಿಂದೆ ಇದ್ದಾನೆ ಅಕ್ಕ, ಮನೆಯಲ್ಲಿ ಸ್ವಲ್ಪ ಗಮನ ಕೊಡಿ" ಎಂದರು. ಆ ತಾಯಿ ಕಾರ್ಡನ್ನು ತಲೆಕೆಳಗು ಹಿಡಿದಿದ್ದರು. ಸ್ವಲ್ಪ ಹೊತ್ತು ನಿಂತು ತುಳುವಿನಲ್ಲಿ ಕೇಳಿದರು: "ಎಂಕ್ ಓದೆರೆ ಬರ್ಪುಜಿ ಟೀಚರೇ. ಗಮನ ಕೊರ್ಪುನಿ ಪಂಡ ದಾದ ಮಲ್ಪೊಡು?" ನನಗೆ ಓದಲು ಬರುವುದಿಲ್ಲ, ಗಮನ ಕೊಡುವುದು ಅಂದರೆ ಏನು ಮಾಡಬೇಕು?

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಟೀಚರ್ ಒಳ್ಳೆಯವರು, ಅವರ ಮುಖ ಸಣ್ಣದಾಯಿತು. ಹಿಂದಿನಿಂದ ಯಾರೋ "ಟ್ಯೂಷನ್‌ಗೆ ಹಾಕಿ" ಎಂದರು. ಆಕೆ ತಲೆಯಾಡಿಸಿ ಕುಳಿತರು. ಸಭೆ ಮುಂದುವರಿಯಿತು. ಮುಂದಿನ ಸಭೆಗೆ ಅವರು ಬರಲಿಲ್ಲ.

ಬೇಜವಾಬ್ದಾರಿಯಿಂದ ಬರಲಿಲ್ಲ ಎಂದು ನಾನು ನಂಬುವುದಿಲ್ಲ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ ಸಿಗುವ ಕೆಲಸ ಅದು. ಅರ್ಧ ದಿನ ಸಭೆಯಲ್ಲಿ ಕೂತರೆ ಅಷ್ಟು ಬೀಡಿ ಕಡಿಮೆ, ಅಷ್ಟು ಹಣ ಕಡಿಮೆ. ಆ ನಷ್ಟ ಕಟ್ಟಿಕೊಂಡು ಬಂದವರಿಗೆ ಸಿಕ್ಕಿದ್ದು ಒಂದು ಆರೋಪ, ಮತ್ತು ಉತ್ತರವಿಲ್ಲದ ಮೌನ.

ಆ ಪ್ರಶ್ನೆಗೆ ಉತ್ತರ ಇಲ್ಲವೇ? ಖಂಡಿತ ಉಂಟು. ಅದನ್ನು ನಮ್ಮ ಶಿಕ್ಷಕರ ಕೈಗೆ ಯಾರೂ ಸರಿಯಾಗಿ ಕೊಟ್ಟಿಲ್ಲ, ಅಷ್ಟೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾಯ್ಸ್ ಎಪ್‌ಸ್ಟೈನ್ ಕುಟುಂಬದ ಪಾಲನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ. ಮಗುವನ್ನು ಸಾಕಿ ಸಲಹುವುದು, ಶಾಲೆಯ ಜೊತೆ ಮಾತುಕತೆ, ಶಾಲೆಯಲ್ಲಿ ಸ್ವಯಂಸೇವೆ, ಮನೆಯಲ್ಲಿ ಕಲಿಕೆ, ಶಾಲೆಯ ತೀರ್ಮಾನಗಳಲ್ಲಿ ಭಾಗ, ಊರಿನ ಸಂಸ್ಥೆಗಳ ಜೊತೆ ಕೈಜೋಡಿಸುವುದು. ಈ ಆರರಲ್ಲಿ ನಮ್ಮ ಶಾಲೆಗಳು ಸ್ವಯಂಸೇವೆ ಮತ್ತು ಸಮಿತಿಗಳಲ್ಲಿ ಗಟ್ಟಿ. ಮನೆಯಲ್ಲಿ ಕಲಿಕೆ ಎಂಬ ಜಾಗದಲ್ಲಿ ಮಾತ್ರ ಪೊಳ್ಳು.

ಮನೆಯಲ್ಲಿ ಕಲಿಕೆ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಹೋಂವರ್ಕ್. ತಾಯಿ ಪಕ್ಕದಲ್ಲಿ ಕೂತು, ಬೈದು, ಕೈ ಹಿಡಿದು ಬರೆಸುವ ಚಿತ್ರ. ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಎಂಬ ಇಬ್ಬರು ಸಂಶೋಧಕರು ಮಾಧ್ಯಮಿಕ ಹಂತದ ಮಕ್ಕಳ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2009ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಮಗುವಿನ ಸಾಧನೆಯ ಜೊತೆ ಹೋಂವರ್ಕ್ ಸಹಾಯಕ್ಕೆ ಹೇಳಿಕೊಳ್ಳುವಂಥ ಸಂಬಂಧ ಅದರಲ್ಲಿ ಕಾಣಲಿಲ್ಲ. ಬಲವಾದ ಸಂಬಂಧ ಕಂಡದ್ದು ಬೇರೆಯದಕ್ಕೆ: ಯಾಕೆ ಕಲಿಯಬೇಕು, ಮುಂದೆ ಏನಾಗಬೇಕು, ಇವತ್ತು ಕಲಿತದ್ದು ಬದುಕಿನಲ್ಲಿ ಎಲ್ಲಿಗೆ ಬರುತ್ತದೆ ಎಂದು ಮನೆಯವರು ಮಗುವಿನ ಜೊತೆ ಆಡುವ ಮಾತಿಗೆ, ಮಗುವಿನ ಮೇಲೆ ಇಡುವ ನಂಬಿಕೆಗೆ. ಇಂಗ್ಲೆಂಡಿನ ಎಜುಕೇಷನ್ ಎಂಡೋಮೆಂಟ್ ಫೌಂಡೇಷನ್ ಎಂಬ ಸಂಸ್ಥೆ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ, ಪೋಷಕರನ್ನು ಸರಿಯಾಗಿ ಒಳಗೊಂಡರೆ ಮಗು ವರ್ಷಕ್ಕೆ ಸರಾಸರಿ 4 ತಿಂಗಳಷ್ಟು ಹೆಚ್ಚು ಮುಂದೆ ಹೋಗುತ್ತದೆ ಎಂದು ಲೆಕ್ಕ ಕಟ್ಟಿದೆ.

ನಂಬಿಕೆ ಇಡುವುದಕ್ಕೆ, ಮಾತಾಡುವುದಕ್ಕೆ, ಕೇಳಿಸಿಕೊಳ್ಳುವುದಕ್ಕೆ ಅಕ್ಷರ ಬೇಕಿಲ್ಲ. ಆ ತಾಯಿಗೆ ಟೀಚರ್ ಅಂದೇ ಹೇಳಬಹುದಿತ್ತು: ನೀವು ಎಲೆ ಕತ್ತರಿಸುವಾಗ ಮಗ ಪಕ್ಕದಲ್ಲಿ ಕೂತು ಒಂದು ಪುಟ ಗಟ್ಟಿಯಾಗಿ ಓದಲಿ. ಓದಿ ಮುಗಿದ ಮೇಲೆ "ಅದ್ರಲ್ಲಿ ಏನಿತ್ತು?" ಅಂತ ನಿಮ್ಮ ಭಾಷೆಯಲ್ಲೇ ಕೇಳಿ. ಅವನು ತುಳುವಿನಲ್ಲಿ ಹೇಳಲಿ. ತಡವರಿಸಿದರೆ ನಾಳೆ ಅದೇ ಪುಟ. ಸರಿಯಾಗಿ ಓದಿದನಾ ಎಂದು ನೋಡುವುದು ನನ್ನ ಕೆಲಸ, ಓದಿದ್ದು ಅವನಿಗೆ ಅರ್ಥವಾಯಿತಾ ಎಂದು ಕೇಳುವುದು ನಿಮ್ಮ ಕೆಲಸ. ಇಷ್ಟೇ ಮಾತು. ಲೆಕ್ಕಕ್ಕೂ ಅದೇ. ಒಂದು ಕಟ್ಟಿಗೆ ಇಷ್ಟು ಬೀಡಿಯಾದರೆ ಸಾವಿರಕ್ಕೆ ಎಷ್ಟು ಕಟ್ಟು? ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ಇಷ್ಟು ತಿರಸ್ಕಾರ ಮಾಡಿದರೆ ಕೈಗೆ ಎಷ್ಟು ಉಳಿಯಿತು? ಗುಣಾಕಾರ, ಭಾಗಾಕಾರ ಎಲ್ಲ ಆ ಗೆರಸೆಯಲ್ಲೇ ಇದೆ. ಮಲ್ಪೆಯಲ್ಲಿ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸು ನಿನ್ನೆ ನೂರಕ್ಕೆ ಎಂಟು ಬಂಗುಡೆ ಕೊಟ್ಟವಳು ಇಂದು ಏಲಂ ಏರಿದ್ದರಿಂದ ಆರು ಕೊಡುತ್ತಾಳೆ. ಒಂದಕ್ಕೆ ಎಷ್ಟು ಬಿತ್ತು ಎಂದು ಅವಳ ಮಗನನ್ನು ಶಾಲೆಯಲ್ಲಿ ಕೇಳಿದರೆ ಅನುಪಾತದ ಪಾಠ ಅಲ್ಲೇ ಶುರುವಾಯಿತು.

ಅಮೆರಿಕದ ಅರಿಜೋನಾದಲ್ಲಿ ಲೂಯಿಸ್ ಮೋಲ್ ಮತ್ತು ಸಂಗಡಿಗರು ಮೆಕ್ಸಿಕನ್ ಮೂಲದ ಕೂಲಿಕಾರ ಕುಟುಂಬಗಳ ಮನೆಗಳಿಗೆ ಶಿಕ್ಷಕರನ್ನೇ ಕಳಿಸಿದರು. ಉಪದೇಶ ಮಾಡಲು ಹೋದದ್ದಲ್ಲ, ಕಲಿತು ಬರಲು ಹೋದದ್ದು. ಆ ಮನೆಗಳಲ್ಲಿ ಬೇಸಾಯ, ರಿಪೇರಿ, ಮನೆಮದ್ದು, ವ್ಯಾಪಾರ ಹೀಗೆ ತಲೆಮಾರಿನಿಂದ ಬಂದ ತಿಳಿವಳಿಕೆಯ ದೊಡ್ಡ ಗಂಟೇ ಇದ್ದದ್ದನ್ನು 1992ರಲ್ಲಿ ಬರೆದು ಪ್ರಕಟಿಸಿದರು. ಶಿಕ್ಷಕರು ಅದನ್ನು ಪಾಠಕ್ಕೆ ತಂದರು. ಬಡವರ ಮನೆಯಲ್ಲಿ ಏನಿಲ್ಲ ಎಂದು ಪಟ್ಟಿ ಮಾಡುವುದರಲ್ಲೇ ಕಾಲ ಕಳೆದಿದ್ದ ಶಿಕ್ಷಣ ಚಿಂತನೆ, ಏನಿದೆ ಎಂದು ಕೇಳತೊಡಗಿದ್ದು ಅಲ್ಲಿಂದ. ನಮ್ಮ ಆಟಿ ತಿಂಗಳ ಚೆನ್ನೆಮಣೆಯನ್ನೇ ನೋಡಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಎಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಎಂದು ಅಜ್ಜಿ ಕಣ್ಣಲ್ಲೇ ಎಣಿಸಿಬಿಡುತ್ತಾರೆ. ಎರಡನೇ ಕ್ಲಾಸಿನ ಮಗುವಿಗೆ ಇದಕ್ಕಿಂತ ಒಳ್ಳೆಯ ಎಣಿಕೆಯ ಸಾಮಗ್ರಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ತುಳುವಿನ ಎದುರುಕತೆ, ಕುಂದಾಪುರದ ಕಡೆಯ ಒಗಟು, ಬ್ಯಾರಿ ಮನೆಯ ಅಜ್ಜಿ ಹೇಳುವ ಕತೆ, ಎಲ್ಲ ಭಾಷೆಯ ಪಾಠವೇ.

ಭಾಷೆಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಇಲ್ಲಿ ನಾವು ದೊಡ್ಡ ತಪ್ಪು ಮಾಡುತ್ತಿದ್ದೇವೆ. ಮಂಗಳೂರಿನ ಒಂದು ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ, ಜೊತೆಗೆ ಕೆಲಸ ಹುಡುಕಿಕೊಂಡು ಬಂದ ಉತ್ತರ ಕರ್ನಾಟಕದ ಕುಟುಂಬಗಳ ಬೇರೆಯೇ ಕನ್ನಡ. ಪುಸ್ತಕ ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಹೀಗಿರುವಾಗ ಎಷ್ಟೋ ಶಾಲೆಗಳು "ಮನೆಯಲ್ಲೂ ಮಗುವಿನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿ" ಎಂದು ಪೋಷಕರಿಗೆ ಸಲಹೆ ಕೊಡುತ್ತವೆ. ಇದರಿಂದ ಆಗುವುದೇನು? ತಾಯಿಗೆ ಬರುವ ಇಂಗ್ಲಿಷು ಹತ್ತು ವಾಕ್ಯ. "ಕಮ್, ಈಟ್, ಸ್ಲೀಪ್" ಮುಗಿದ ಮೇಲೆ ಮನೆಯಲ್ಲಿ ಮಾತೇ ನಿಂತುಹೋಗುತ್ತದೆ. ತುಳುವಿನಲ್ಲಾಗಿದ್ದರೆ ಗದ್ದೆಯ ಬಗ್ಗೆ, ನೆರೆಯ ಬಗ್ಗೆ, ಭೂತಕೋಲದ ಬಗ್ಗೆ, ಮಾಮನ ಮದುವೆಯ ಬಗ್ಗೆ ಯಾಕೆ, ಹೇಗೆ, ಆಮೇಲೆ ಎಂದೆಲ್ಲ ಮಗು ನೂರು ವಾಕ್ಯ ಆಡುತ್ತಿತ್ತು. ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಬೆಳೆಯುವುದು ಇಂಥ ಮಾತಿನಿಂದ. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಸಾಧ್ಯವಾದಷ್ಟು ಮಾತೃಭಾಷೆಯಲ್ಲಿ ಕಲಿಸಬೇಕು ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕನಿಷ್ಠ 5ನೇ ತರಗತಿಯವರೆಗೆ ಸಾಧ್ಯವಿದ್ದಲ್ಲೆಲ್ಲ ಮನೆಮಾತನ್ನೇ ಎತ್ತಿ ಹಿಡಿದಿದೆ. ತುಳುವನ್ನು ತೃತೀಯ ಭಾಷೆಯಾಗಿ ಕಲಿಯುವ ಅವಕಾಶ ನಮ್ಮ ಎರಡೂ ಜಿಲ್ಲೆಗಳ ಶಾಲೆಗಳಿಗೆ ಬಂದಿದೆಯಾದರೂ ಅದು ಸಿಗುವುದು 6ನೇ ತರಗತಿಯಿಂದ. ಅದಕ್ಕಿಂತ ಮೊದಲಿನ ವರ್ಷಗಳಲ್ಲಿ ತುಳುವೋ ಬ್ಯಾರಿಯೋ ಉಳಿಯಬೇಕಾದ್ದು ಅಡುಗೆಮನೆಯಲ್ಲಿ, ಜಗಲಿಯಲ್ಲಿ. ಶಾಲೆಯೇ ಅದನ್ನು ಬಿಡಿಸಬಾರದು.

ಈಗ ಕಾನೂನಿನ ಕಡೆಗೆ. ಪೋಷಕರಿಗೆ ಶಾಲೆಯಲ್ಲಿ ಇರುವ ಸ್ಥಾನ ಯಾರೋ ದಯೆಯಿಂದ ಕೊಟ್ಟದ್ದಲ್ಲ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ವಿಜ್ಞಾನಿ ಡಾ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ 2001ರಲ್ಲೇ ಸರಕಾರಿ ಆದೇಶದ ಮೂಲಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ನಾವೆಲ್ಲ ಎಸ್‌ಡಿಎಂಸಿ ಎನ್ನುವ ಸಮಿತಿ, ಇಲ್ಲಿ ಬಂತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು. ಶಾಲೆಯ ಕೆಲಸ ಗಮನಿಸುವುದು, ಅಭಿವೃದ್ಧಿ ಯೋಜನೆ ಮಾಡುವುದು, ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು ಅದರ ಹೊಣೆ. ಇನ್ನೂ ಮುಖ್ಯವಾದದ್ದು 24ನೇ ಸೆಕ್ಷನ್. ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ತಿಳಿಸುವುದು ಶಿಕ್ಷಕರ ಕರ್ತವ್ಯಗಳಲ್ಲಿ ಒಂದು ಎಂದು ಅದು ಹೇಳುತ್ತದೆ. ಬೆಲ್ಟಿನ ವಿಷಯ, ಶೂ ವಿಷಯ ಅಲ್ಲಿಲ್ಲ.

ಇಲ್ಲೊಂದು ಬಿರುಕೂ ಉಂಟು. ಅನುದಾನರಹಿತ ಖಾಸಗಿ ಶಾಲೆಗಳಿಗೆ 21ನೇ ಸೆಕ್ಷನ್ ಅನ್ವಯಿಸುವುದಿಲ್ಲ. ಮಂಗಳೂರು, ಉಡುಪಿ ಪೇಟೆಗಳಲ್ಲಿ ಇಂಥ ಶಾಲೆಗಳು ಎಷ್ಟೊಂದು ಎಂದು ಬೆಳಗ್ಗೆ ರಸ್ತೆಯಲ್ಲಿ ಓಡುವ ಹಳದಿ ಬಸ್ಸುಗಳನ್ನು ನೋಡಿದರೆ ಸಾಕು. ಸಾವಿರಾರು ರೂಪಾಯಿ ಶುಲ್ಕ ಕಟ್ಟುವ ತಂದೆತಾಯಿಗೆ ಶಾಲೆಯ ತೀರ್ಮಾನದಲ್ಲಿ ಈ ಸೆಕ್ಷನ್ ಕೊಡುವ ಸ್ಥಾನವಿಲ್ಲ. ಒಂದು ರೂಪಾಯಿ ಶುಲ್ಕವಿಲ್ಲದ ಸರಕಾರಿ ಶಾಲೆಯ ಕೂಲಿ ಕಾರ್ಮಿಕನಿಗೆ ಇದೆ.

ಆದರೆ ಸಮಿತಿಯಲ್ಲಿ ಕುರ್ಚಿ ಸಿಕ್ಕಿದ ಮಾತ್ರಕ್ಕೆ ಮಗು ಓದುತ್ತದೆಯೇ? ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ರುಕ್ಮಿಣಿ ಬ್ಯಾನರ್ಜಿ ಮೊದಲಾದವರು ಇದನ್ನು ಪರೀಕ್ಷಿಸಿ ನೋಡಿದರು. ಅಲ್ಲಿ ಹೆಚ್ಚಿನ ಪೋಷಕರಿಗೆ ಗ್ರಾಮ ಶಿಕ್ಷಣ ಸಮಿತಿ ಇದೆಯೆಂಬುದೇ ಗೊತ್ತಿರಲಿಲ್ಲ. ಸಮಿತಿಯ ಸದಸ್ಯರಲ್ಲೇ ಕೆಲವರಿಗೆ ತಾವು ಸದಸ್ಯರೆಂದು ತಿಳಿದಿರಲಿಲ್ಲ. ಊರೂರಿನಲ್ಲಿ ಸಭೆ ನಡೆಸಿ ಹಕ್ಕುಗಳನ್ನು ತಿಳಿಸಿದರು, ಮಕ್ಕಳ ಓದಿನ ಮಟ್ಟವನ್ನು ಊರವರಿಂದಲೇ ಅಳೆಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅಷ್ಟರಿಂದ ಸರಕಾರಿ ಶಾಲೆಯಲ್ಲಿ ಏನೂ ಬದಲಾಗಲಿಲ್ಲ. ಬದಲಾವಣೆ ಕಂಡದ್ದು ಒಂದೇ ಕಡೆ: ಊರಿನ ಯುವಕ ಯುವತಿಯರಿಗೆ ಓದಿಸುವ ಸರಳ ವಿಧಾನ ಕಲಿಸಿ, ಅವರು ಶಾಲೆಯ ಹೊತ್ತಿನ ಹೊರಗೆ ಓದಿನ ಶಿಬಿರ ನಡೆಸಿದಲ್ಲಿ. ಅಲ್ಲಿಗೆ ಬಂದ ಮಕ್ಕಳು ಓದಲು ಕಲಿತರು. ನಾನು ಇದರಿಂದ ತಿಳಿದುಕೊಂಡದ್ದು, ಜನರಿಗೆ ಮಾಡಲು ಒಂದು ನಿರ್ದಿಷ್ಟ ಕೆಲಸ ಕೊಟ್ಟರೆ ಅವರು ಮಾಡುತ್ತಾರೆ. "ಜಾಗೃತರಾಗಿ" ಎಂದು ಮಾತ್ರ ಹೇಳಿದರೆ ಕೇಳಿ ಮನೆಗೆ ಹೋಗುತ್ತಾರೆ.

ಫೋನಿನ ವಿಷಯಕ್ಕೂ ಇಂಥದ್ದೇ ಒಂದು ಪಾಠವಿದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಸಾವಿರಾರು ಮನೆಗಳ ಜೊತೆ ಒಂದು ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕದ ಸಂದೇಶ ಮಾತ್ರ. ಕೆಲವು ಮನೆಗಳಿಗೆ ಸಂದೇಶದ ಜೊತೆ ಹದಿನೈದಿಪ್ಪತ್ತು ನಿಮಿಷದ ಒಂದು ಕರೆ, ಪೋಷಕರನ್ನೂ ಜೊತೆಗೆ ಕೂರಿಸಿಕೊಂಡು. ಬರೀ ಸಂದೇಶ ಹೋದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮಾತಾಡಿದಲ್ಲಿ ಮಕ್ಕಳ ಲೆಕ್ಕ ಸುಧಾರಿಸಿತು. ಮಾಮೂಲಿ ಫೋನು ಸಾಕಾಗಿತ್ತು, ಇಂಟರ್ನೆಟ್ ಬೇಕಿರಲಿಲ್ಲ. ವಾಟ್ಸ್‌ಆ್ಯಪ್ ಗ್ರೂಪಿಗೆ ಪಿಡಿಎಫ್ ಹಾಕಿ ಕರ್ತವ್ಯ ಮುಗಿಯಿತು ಎನ್ನುವ ಅಭ್ಯಾಸವನ್ನು ನಾವು ಮರುಚಿಂತಿಸಬೇಕು. ಮೂವತ್ತು ಮನೆಗಳಿಗೂ ಪ್ರತಿ ವಾರ ಕರೆ ಮಾಡುವಷ್ಟು ಸಮಯ ಟೀಚರಿಗಿಲ್ಲ, ಅದು ನಿಜ. ಆದರೆ ಎರಡು ನಿಮಿಷದ ಒಂದು ಧ್ವನಿ ಸಂದೇಶ, ಅದೂ ತುಳುವಿನಲ್ಲೋ ಬ್ಯಾರಿಯಲ್ಲೋ, ಓದಲು ಬಾರದ ತಾಯಿಗೂ ನೇರ ಮುಟ್ಟುತ್ತದೆ. ತಿಂಗಳಿಗೆ ಒಂದೊಂದು ಮನೆಗೆ ಒಂದು ಕರೆ. ಅದರಲ್ಲಿ ಮೊದಲ ಮಾತು ಮಗುವಿನ ಬಗ್ಗೆ ಒಂದು ಒಳ್ಳೆಯ ಸುದ್ದಿಯಾಗಿರಲಿ. ಶಾಲೆಯಿಂದ ಫೋನು ಬಂದರೆ ಎದೆ ಹೊಡೆದುಕೊಳ್ಳುವ ತಾಯಂದಿರನ್ನು ನಾನು ಬಹಳ ನೋಡಿದ್ದೇನೆ.

ಇನ್ನು ಕೈಗೆ ಸಿಗುವ ಸಾಮಗ್ರಿ ಏನೇನಿದೆ ಎಂದು ನೋಡೋಣ. ರಾಜ್ಯದ ಪಠ್ಯಪುಸ್ತಕಗಳೆಲ್ಲ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಪುಸ್ತಕದೊಳಗಿನ ಕ್ಯೂಆರ್ ಕೋಡ್ ಹಿಡಿದರೆ ದೀಕ್ಷಾ ಆ್ಯಪಿನಲ್ಲಿ ಪಾಠದ ವೀಡಿಯೊ ತೆರೆಯುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕತೆಗಳು ರಾಶಿ ಇವೆ, ಹಣ ಕೊಡಬೇಕಿಲ್ಲ, ಮುದ್ರಿಸಿ ಹಂಚಲೂಬಹುದು. ಗ್ರಾಮ ಪಂಚಾಯತಿನ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸಂಪತ್ತು, ಎಲ್ಲಕ್ಕಿಂತ ಕಡಿಮೆ ಬಳಕೆಯಾಗುವುದೂ ಅದೇ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಬ್ಬ ಸೋದರಮಾವನೋ ಅಕ್ಕನೋ ಐದಾರು ಮಕ್ಕಳನ್ನು ಕರೆದುಕೊಂಡು ಹೋಗಿ ಒಬ್ಬೊಬ್ಬರಿಗೆ ಒಂದು ಪುಸ್ತಕ ತೆಗೆಸಿಕೊಟ್ಟರೆ ಸಾಕು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇದೆ, ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಅರ್ಜಿ ತುಂಬುವುದರಲ್ಲಿ ಒಂದು ಸಂಜೆ ಶಾಲೆಯವರು ನೆರವಾದರೆ ಆ ಮನೆಗೂ ಶಾಲೆಗೂ ನಡುವಿನ ಮಾತು ಬೇರೆಯೇ ಆಗುತ್ತದೆ.

ಮಗು ಓದುತ್ತದೋ ಇಲ್ಲವೋ ಎಂದು ಮನೆಯಲ್ಲೇ ನೋಡುವ ಉಪಾಯವೂ ಒಂದಿದೆ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಯ ಓದಿನ ಹಾಳೆ. ಅದರಲ್ಲಿ ಬಿಡಿ ಅಕ್ಷರ, ಸರಳ ಪದ, ಒಂದನೇ ತರಗತಿ ಮಟ್ಟದ ಪುಟ್ಟ ಪ್ಯಾರಾ, ಎರಡನೇ ತರಗತಿ ಮಟ್ಟದ ಸಣ್ಣ ಕತೆ ಇರುತ್ತವೆ. ಐದು ನಿಮಿಷದ ಕೆಲಸ. ಮಗು ಅಕ್ಷರದಲ್ಲಿ ನಿಂತಿದೆಯೋ ಪದದಲ್ಲೋ ಎಂದು ಗೊತ್ತಾದರೆ "ಹಿಂದೆ ಇದ್ದಾನೆ" ಎಂಬ ಮಸುಕು ಮಾತಿನ ಬದಲು "ಒತ್ತಕ್ಷರದಲ್ಲಿ ತಡವರಿಸುತ್ತಾನೆ" ಎಂದು ಹೇಳಲು ಆಗುತ್ತದೆ. ಆಗ ಅಣ್ಣನೋ ಪಕ್ಕದ ಮನೆಯ ಪಿಯುಸಿ ಹುಡುಗಿಯೋ ಆ ಒತ್ತಕ್ಷರವನ್ನೇ ಹಿಡಿದು ಕೂರಬಹುದು.

ನಮ್ಮ ಕರಾವಳಿಯಲ್ಲಿ ಈ ಮಾತು ಎತ್ತಿದರೆ ಒಂದು ಪ್ರತಿವಾದ ಬಂದೇ ಬರುತ್ತದೆ: ನಮ್ಮ ಜಿಲ್ಲೆಗಳು ಫಲಿತಾಂಶದಲ್ಲಿ ಮುಂದಿವೆಯಲ್ಲ? ಹೌದು. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ಶೇ. 94ರೊಂದಿಗೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮೊದಲು, ಉಡುಪಿ ಎರಡನೆಯದು. ಈ ಹೆಮ್ಮೆ ನನಗೂ ಉಂಟು. ಹತ್ತನೇ ಕ್ಲಾಸಿಗೆ ಬಂದ ಮಗುವಿಗಾಗಿ ಇಲ್ಲಿ ಇಡೀ ಮನೆ ಎದ್ದು ನಿಲ್ಲುತ್ತದೆ. ಟಿವಿ ಬಂದ್, ನೆಂಟರು ಬರುವುದು ಬೇಡ, ಬೆಳಗ್ಗೆ ನಾಲ್ಕಕ್ಕೆ ತಾಯಿ ಎದ್ದು ಚಹಾ ಮಾಡಿ ಕೊಡುತ್ತಾಳೆ. ಕುಟುಂಬದ ಶಕ್ತಿ ಎಷ್ಟೆಂದು ಆ ಒಂದು ವರ್ಷ ತೋರಿಸಿಕೊಡುತ್ತದೆ. ಒಂದ್ನೇ ಕ್ಲಾಸು, ಎರಡ್ನೇ ಕ್ಲಾಸಿನಲ್ಲಿ ಅದರ ಹತ್ತನೇ ಒಂದು ಪಾಲು ಸಿಕ್ಕಿದ್ದರೆ ನಾಲ್ಕನೇ ಕ್ಲಾಸಿಗೆ ಬಂದರೂ ಓದಲಾರದೆ ಬೆಂಚಿನ ತುದಿಯಲ್ಲಿ ಕೂರುವ ಮಗುವಿನ ಕತೆ ಬೇರೆ ಇರುತ್ತಿತ್ತು. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವಿಗೆ ಓದು ಮತ್ತು ಲೆಕ್ಕದ ಬುನಾದಿ ಬರಬೇಕು ಎಂಬ ಗುರಿ ಇಟ್ಟು 2021ರ ಜುಲೈಯಲ್ಲಿ ಕೇಂದ್ರ ಸರಕಾರ ನಿಪುಣ್ ಭಾರತ್ ಶುರು ಮಾಡಿತು. ಆ ವಯಸ್ಸಿನಲ್ಲಿ ಪೋಷಕರ ಪಾಲು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಫಲ ಕೊಡುವಂಥದ್ದು. ಹತ್ತನೇ ಕ್ಲಾಸಿನ ಬೀಜಗಣಿತ ತಾಯಿಗೆ ಬರದಿರಬಹುದು, ಎರಡನೇ ಕ್ಲಾಸಿನ ಕತೆ ಕೇಳಲು ಬರುತ್ತದೆ.

ಓದು ಬಾರದವರಿಗೆ ಶಾಲೆಯ ವಿಷಯ ಏನು ತಿಳಿಯುತ್ತದೆ ಎನ್ನುವವರು ಹರೇಕಳಕ್ಕೆ ಹೋಗಿ ಬರಬೇಕು. ಮಂಗಳೂರು ಪೇಟೆಯಲ್ಲಿ ಕಿತ್ತಳೆ ಮಾರುತ್ತಿದ್ದ ಹಾಜಬ್ಬ ಅವರು, ವಿದೇಶಿಯೊಬ್ಬರು ಹಣ್ಣಿನ ಬೆಲೆ ಕೇಳಿದಾಗ ಭಾಷೆ ತಿಳಿಯದೆ ಉತ್ತರ ಕೊಡಲಾಗಲಿಲ್ಲ ಎಂಬ ನೋವಿನಿಂದ ತಮ್ಮೂರು ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ತರಲು ಹಗಲಿರುಳು ಓಡಾಡಿದರು. ತಮ್ಮ ದುಡಿಮೆಯ ಹಣ ಹಾಕಿದರು, ಕಚೇರಿ ಕಚೇರಿ ಅಲೆದರು. ಇಂದು ಅಲ್ಲಿ ಸರಕಾರಿ ಶಾಲೆ ನಿಂತಿದೆ, 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅಕ್ಷರ ತಪ್ಪಿಹೋದವರಿಗೆ ಅಕ್ಷರದ ಬೆಲೆ ನಮಗಿಂತ ಚೆನ್ನಾಗಿ ಗೊತ್ತು. ಆ ಬೀಡಿ ಕಟ್ಟುವ ತಾಯಿಯ ಪ್ರಶ್ನೆಯಲ್ಲೂ ನಾನು ಕೇಳಿದ್ದು ಅದನ್ನೇ.

ಕುಟುಂಬ ಎಂದರೆ ತಂದೆ ತಾಯಿ ಮಾತ್ರ ಎಂಬ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಅಳಿಯಸಂತಾನದ ನೆನಪಿರುವ ನಾಡಿದು, ಸೋದರಮಾವನಿಗೆ ಮನೆಯಲ್ಲಿ ದೊಡ್ಡ ಮಾತು. ಎಷ್ಟೋ ಮಕ್ಕಳು ಅಜ್ಜಿಮನೆಯಲ್ಲಿ ಬೆಳೆಯುತ್ತವೆ. ಅಪ್ಪ ದುಬೈಯಲ್ಲೋ ದಮಾಮಿನಲ್ಲೋ ಇರುತ್ತಾರೆ. ಡೈರಿಯಲ್ಲಿ "ತಂದೆಯ ಸಹಿ" ಎಂದು ಮುದ್ರಿಸಿದರೆ ಆ ಮಗು ಏನು ಮಾಡಬೇಕು? ದುಬೈಗೂ ನಮಗೂ ಒಂದೂವರೆ ಗಂಟೆಯ ಅಂತರ. ಇಲ್ಲಿ ರಾತ್ರಿ ಎಂಟೂವರೆಗೆ ಮಗು ವೀಡಿಯೊ ಕಾಲಿನಲ್ಲಿ ಒಂದು ಪುಟ ಓದಿ ತೋರಿಸಿದರೆ ಅಲ್ಲಿ ಏಳು ಗಂಟೆಗೆ ಕೆಲಸ ಮುಗಿಸಿ ಬಂದ ಅಪ್ಪ ಕೇಳಬಹುದು. ಇದನ್ನು ಟೀಚರ್ ಒಂದು ಸಲ ಬಾಯಿಬಿಟ್ಟು ಹೇಳಿದರೆ ಬಹಳ ಮನೆಗಳಲ್ಲಿ ಅಪ್ಪಂದಿರು ಸಂತೋಷದಿಂದ ಮಾಡಿಯಾರು.

ಪೋಷಕರು ಶಾಲೆಗೆ ಬರುವುದೇ ಇಲ್ಲ ಎಂಬ ದೂರನ್ನು ಕೇಳುವಾಗೆಲ್ಲ ನನಗೆ ಸ್ಕೂಲ್ ಡೇ ನೆನಪಾಗುತ್ತದೆ. ಡಿಸೆಂಬರಿನ ಚಳಿಯಲ್ಲಿ ಮೈದಾನ ತುಂಬಿ ರಸ್ತೆಯವರೆಗೆ ಜನ ನಿಂತಿರುತ್ತಾರೆ. ಉಡುಪಿಯ ಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಯಕ್ಷಗಾನ ಕಲಿಸಿ ಮಕ್ಕಳ ಪ್ರದರ್ಶನ ಇಟ್ಟಾಗಲೂ ಅದೇ ಜನಸಾಗರ. ಸಭೆಗೆ ಬಾರದ ಅಪ್ಪ ಅಲ್ಲಿ ಮಗನ ಕಿರೀಟ ಬಿಗಿಯುತ್ತಿರುತ್ತಾನೆ. ಯಾಕೆ? ಹೊತ್ತು ಸಂಜೆಯದು, ಕೆಲಸ ಮುಗಿದಿರುತ್ತದೆ. ಯಾರೂ ಬೈಯುವುದಿಲ್ಲ. ತನ್ನ ಮಗು ಏನು ಕಲಿತಿದೆ ಎಂದು ಕಣ್ಣೆದುರು ಕಾಣುತ್ತದೆ. ಪೋಷಕರ ಸಭೆಯನ್ನೂ ಹೀಗೇ ನಡೆಸಲು ಏನು ಅಡ್ಡಿ? ಮಗುವೇ ನಿಂತು ಒಂದು ಪ್ಯಾರಾ ಓದಲಿ, ಒಂದು ಲೆಕ್ಕ ಬಿಡಿಸಲಿ, ತಾನು ಮಾಡಿದ್ದನ್ನು ಅಮ್ಮನಿಗೆ ತೋರಿಸಲಿ. 'ಸಮುದಾಯದತ್ತ ಶಾಲೆ' ಎಂಬ ಹೆಸರಿನಲ್ಲಿ ಹಿಂದೆ ನಮ್ಮ ಸರಕಾರಿ ಶಾಲೆಗಳಲ್ಲಿ ಇದೇ ಆಶಯದ ಕಾರ್ಯಕ್ರಮ ಇತ್ತು. ಮಕ್ಕಳ ಮಾತಿಗೂ ಜಾಗ ಬೇಕು. ಕುಂದಾಪುರ ತಾಲೂಕಿನ ಕೆರಾಡಿಯಂಥ ಊರುಗಳಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತು ನಡೆದ ಜಿಲ್ಲೆ ನಮ್ಮದು.

ಮತ್ತೆ ಒಂದು ಮಾತು, ಇದು ಮೀನುಗಾರರ ಕುಟುಂಬಗಳಿಗಾಗಿ. ಆಳಸಮುದ್ರದ ಬೋಟಿಗೆ ಹೋದವರು ವಾರ ಹತ್ತು ದಿನ ಮನೆಗೆ ಬರುವುದಿಲ್ಲ. ಅವರಿಗೆ ನವೆಂಬರಿನಲ್ಲಿ ಸಭೆಯ ಚೀಟಿ ಕಳಿಸಿ ಪ್ರಯೋಜನವಿಲ್ಲ. ಆದರೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಮಲ್ಪೆಯಲ್ಲಿ, ಮಂಗಳೂರಿನ ಹಳೇ ಬಂದರಿನಲ್ಲಿ ಕಟ್ಟಿ ನಿಂತಿರುತ್ತವೆ, ಅಪ್ಪಂದಿರು ಮನೆಯಲ್ಲಿ ಬಲೆ ಹೆಣೆಯುತ್ತಿರುತ್ತಾರೆ. ಶಾಲೆ ತೆರೆದು ಪಾಠ ಶುರುವಾಗುವುದೂ ಸರಿಯಾಗಿ ಅದೇ ಹೊತ್ತಿಗೆ. ಕಡಲ ಬದಿಯ ಶಾಲೆಗಳ ಮುಖ್ಯ ಶಿಕ್ಷಕರಲ್ಲಿ, ಎಸ್‌ಡಿಎಂಸಿಯವರಲ್ಲಿ ನನ್ನದೊಂದು ಕೋರಿಕೆ: ವರ್ಷದ ಮುಖ್ಯ ಸಭೆಯನ್ನು ಜುಲೈಯಲ್ಲೇ ಇಡಿ, ಸಂಜೆ ಐದೂವರೆಗೆ. ಅಂಕಪಟ್ಟಿ ಬೇಡ, ಮಗುವಿನ ಒಂದು ನೋಟ್‌ಬುಕ್ ಸಾಕು. ಬಂದ ಪ್ರತಿಯೊಬ್ಬರಿಗೂ ಈ ತಿಂಗಳು ಮನೆಯಲ್ಲಿ ಮಾಡಬೇಕಾದ ಒಂದೇ ಒಂದು ಕೆಲಸ ಹೇಳಿ ಕಳಿಸಿ, ಅವರ ಭಾಷೆಯಲ್ಲಿ. ಆಗಸ್ಟ್ 1ಕ್ಕೆ ಬೋಟುಗಳು ನೀರಿಗಿಳಿಯುತ್ತವೆ.